ಮರದ ಮಾತೆಗೆ ಬಿಸಿ ತಾಗಿದಾಗ

ಗಾಟ್‌ಲ್ಯಾಂಡ್ ದ್ವೀಪದ ಚಳಿಗಾಲದಲ್ಲಿ ಕಲ್ಲಿನ ಚರ್ಚಿನೊಳಗೆ ಕೂತರೆ ಹಲ್ಲು ಕಟಕಟಿಸುತ್ತದೆ. ಭಾನುವಾರ ಚರ್ಚು ನೋಡಿಕೊಳ್ಳುವ ಬೋಟ್ವಿಡನ ಮೊಮ್ಮಗಳ ದೀಕ್ಷಾಸ್ನಾನ. ಚರ್ಚಿನ ಬೀಗದಕೈ ಅವನ ಬಳಿಯೇ ಇತ್ತು. ಕೂಸು ನಡುಗಬಾರದೆಂದು ಶನಿವಾರ ಬೆಳಿಗ್ಗೆಯೇ ಹೀಟರುಗಳನ್ನೆಲ್ಲ ಪೂರ್ತಿ ತಿರುಗಿಸಿಟ್ಟು ಹೋದ.

ಮಧ್ಯಾಹ್ನ ಬಂದು ನೋಡಿದರೆ ಒಳಗೆ ಹಿತವಾದ ಬಿಸಿ. ಬೆಂಚಿನ ಮೇಲೆ ಕೂತು ಕೋಟು ಬಿಚ್ಚಿದ.

ಟಕ್.

ಯಾರೋ ಬೆರಳ ಗೆಣ್ಣಿನಿಂದ ತಟ್ಟಿದಂತೆ.

"ಯಾರದು?"

ಚರ್ಚು ಖಾಲಿ. ಮತ್ತೆ ಟಕ್. ಸದ್ದು ಬರುತ್ತಿದ್ದುದು ಏಳುನೂರು ವರ್ಷದಿಂದ ಅಲ್ಲೇ ನಿಂತಿದ್ದ ಮರದ ಮಾತೆ ಮರಿಯಳ ವಿಗ್ರಹದ ಎದೆಯೊಳಗಿನಿಂದ. ಬೋಟ್ವಿಡ್ ಹತ್ತಿರ ಹೋದ. ಒಂದು ಕಣ್ಣಿದ್ದ ಜಾಗದಲ್ಲಿ ಬರೀ ಬಿಳುಪು. ಬಣ್ಣದ ಚಕ್ಕೆಯಾಗಿ ಉದುರಿದ ಕಣ್ಣು ಕೆಳಗಿನ ಕಲ್ಲುಹಾಸಿನ ಮೇಲಿಂದ ಅವನನ್ನೇ ನೋಡುತ್ತಿತ್ತು.

ಪಟ್ಟಣದ ಮ್ಯೂಸಿಯಮ್ಮಿನಲ್ಲಿ ಕೆಲಸ ಮಾಡುವ ನೆರೆಮನೆಯ ಎಸ್ಟ್ರಿಡ್‌ಳನ್ನು ಓಡಿಹೋಗಿ ಕರೆತಂದ.

"ತಾಯಿ ಮುನಿಸ್ಕೊಂಡಿದಾಳೆ, ನೋಡು!"

"ಮುನಿಸೂ ಇಲ್ಲ, ಗಿನಿಸೂ ಇಲ್ಲ. ನೀನೇ ಅವಳನ್ನ ಒಣಗಿಸ್ತಿದೀಯ, ಬೋಟ್ವಿಡಣ್ಣ."

"ಬಿಸಿ ಮಾಡಿದ್ರೆ ತೇವ ಹೋಗುತ್ತೆ. ಒಳ್ಳೇದಲ್ವಾ?"

"ಒಮ್ಮೆಲೇ ಕಾಯಿಸಿದ್ರೆ ಗಾಳಿ ಒಣಗಿ ಮರದ ತೇವಾನ ಹೀರುತ್ತೆ. ಮರ ಕುಗ್ಗುತ್ತೆ, ಮೇಲಿನ ಬಣ್ಣ ಕುಗ್ಗಲ್ಲ. ಆಗ ಮರ ಬಿರುಕು ಬಿಡುತ್ತೆ, ಬಣ್ಣ ಉದುರುತ್ತೆ."

"ನಿಮ್ಮ ಮ್ಯೂಸಿಯಮ್ಮಿನೋರಿಗೆ ಮನುಷ್ಯರಿಗಿಂತ ಮರವೇ ಹೆಚ್ಚು! ಕೂಸು ಹೆಪ್ಪುಗಟ್ಟಲಿ ಅಂತೀಯಾ?"

"ನಿಮ್ಮ ಮುತ್ತಜ್ಜಿಗೂ ಇಲ್ಲೇ ದೀಕ್ಷೆ ಆಯ್ತು. ಆಗ ಹೀಟರ್ ಎಲ್ಲಿತ್ತು? ಕುರಿಚರ್ಮ ಹೊದ್ಕೊಂಡು ಬರ್ತಿದ್ರು. ಈ ಮಾತೆಗೂ ಏನೂ ಆಗ್ಲಿಲ್ಲ. ಒಲೆ, ಹೀಟರ್ ಬಂದ್ಮೇಲೆ ಎಷ್ಟೋ ಚರ್ಚುಗಳಲ್ಲಿ ವಿಗ್ರಹಗಳು ಬಿರುಕು ಬಿಟ್ವು. ಮೊದಲೆಲ್ಲ ಒಡೆದದ್ದನ್ನ ಅಂಟಿಸ್ತಾ ಕೂರ್ತಿದ್ವಿ. ಒಡೆಯದ ಹಾಗೆ ಗಾಳಿಯ ಬಿಸಿ, ತೇವಾನೇ ನೋಡ್ಕೋಬೇಕು ಅಂತ ಆಮೇಲೆ ಬುದ್ಧಿ ಬಂತು."

ಮತ್ತೆ ಟಕ್. ಈ ಸಲ ಮಾತೆಯ ಕೊರಳಿನಿಂದ ಕೆಂಪು ಚೂರೊಂದು ಜಾರಿತು. ಬೋಟ್ವಿಡ್ ಅದನ್ನೆತ್ತಲು ಬಗ್ಗಿದ.

"ಗೋಂದು ತರ್ಲಾ?"

"ಮುಟ್ಟಬೇಡ! ಹೀಟರನ್ನೂ ಒಮ್ಮೆಲೇ ಆರಿಸಬೇಡ, ಸ್ವಲ್ಪಸ್ವಲ್ಪವಾಗಿ ಇಳಿಸು."

ಎಸ್ಟ್ರಿಡ್ ಚೂರುಗಳ ಕೆಳಗೆ ಕಾಗದ ತೂರಿಸಿ, ಉಸಿರು ಬಿಗಿಹಿಡಿದು ಎತ್ತಿಕೊಂಡಳು.

ಸಂಜೆ ಮಗಳು ಸಿಡುಕಿದಳು: "ಅಪ್ಪಾ, ಆ ಚಳೀಲಿ ಮಗೂನ ತರೋದಾ?"

"ಮಗೂನ ಬೆಚ್ಚಗಿಡೋಣ ಕಣಮ್ಮ. ಇಡೀ ಚರ್ಚನ್ನಲ್ಲ."

ಭಾನುವಾರ ಕೂಸು ಕುರಿಚರ್ಮದೊಳಗೆ ಹುದುಗಿತ್ತು. ಪಾದ್ರಿ ನೀರನ್ನು ಉಗುರುಬೆಚ್ಚಗೆ ಮಾಡಿದ್ದರು. ಕೂಸು ಅಳಲಿಲ್ಲ. ಒಂದೇ ಕಣ್ಣಿನ ತಾಯಿ ಮೇಲಿನಿಂದ ನೋಡುತ್ತಿದ್ದಳು. ಬೋಟ್ವಿಡ್ ಮಾತ್ರ ತಲೆ ಎತ್ತಲಿಲ್ಲ.

ನಿಮ್ಮ ಊರಿನ ಚರ್ಚಿನ ಬೀಗದಕೈ ನಿಮ್ಮಲ್ಲಿದ್ದರೆ, ಹೀಟರನ್ನು ಒಮ್ಮೆಲೇ ಏರಿಸಬೇಡಿ. ಮನೆಯಲ್ಲಿ ಬಣ್ಣ ಬಳಿದ ಹಳೆಯ ಮರದ ಪೆಟ್ಟಿಗೆಯಿದ್ದರೆ ಒಲೆಯಿಂದ ಇಂದೇ ದೂರ ಸರಿಸಿ. ಉದುರಿದ ಚೂರುಗಳನ್ನು ಗುಡಿಸಬೇಡಿ, ಅಂಟಿಸಬೇಡಿ. ಕಾಗದದಲ್ಲಿ ಎತ್ತಿಟ್ಟು ಮ್ಯೂಸಿಯಮ್ಮಿನವರನ್ನು ಕರೆಯಿರಿ. ಈ ಭಾನುವಾರ ಚರ್ಚಿಗೆ ದಪ್ಪ ಕೋಟು ಹಾಕಿಕೊಂಡೇ ಬನ್ನಿ.