ಎಡಾ ಕತ್ರಿ ಯಾರದು?

ಕಮಲಾಪುರದ ಅಂಬಮ್ಮನ ಅಡುಗೆಮನೆಯಲ್ಲಿ ಹೊಗೆಯದೇ ದರ್ಬಾರು. ಖಾನಾವಳಿಗೆ ದಿನವೂ ಜೋಳದ ರೊಟ್ಟಿ ಬಡಿದುಕೊಡುವ ಹೆಂಗಸು ಕಣ್ಣೊರೆಸಿಕೊಳ್ಳುತ್ತಲೇ ಒಲೆಯ ಮುಂದೆ ಕೂರಬೇಕು. ಗಂಡ ದೇವೀಂದ್ರಪ್ಪನಿಗೆ ಕೊನೆಗೂ ಕರುಣೆ ಬಂತು. ಕಿಟಕಿಗೆ ತಗಡು ಕೂರಿಸಿ, ಅದರಲ್ಲಿ ದುಂಡಗೆ ತೂತು ಮಾಡಿ ಹೊಗೆಕೊಳವೆ ಹಾಯಿಸೋಣ ಎಂದು ಕಲಬುರಗಿಯಿಂದ ತಗಡು, ಕೊಳವೆ, ಕೆಂಪು ಹಿಡಿಯ ತಗಡು ಕತ್ತರಿ ಎಲ್ಲ ತಂದ.

ದೇವೀಂದ್ರಪ್ಪ ಎಡಚ. ಅಂಗಡಿಯವನು "ಇದು ಎಡಾ ಕತ್ರಿ" ಎಂದದ್ದೇ ತಡ, ತನಗಾಗಿಯೇ ಮಾಡಿದ್ದೆಂದು ಹಿಗ್ಗಿ ಕೊಂಡಿದ್ದ. ಅಂಗಳದಲ್ಲಿ ಅಂಬಮ್ಮನ ಕೈಗೆ ತಗಡು ಕೊಟ್ಟು, ದುಂಡಗೆ ಗೆರೆ ಎಳೆದು, ಕತ್ತರಿ ತೂರಿಸಲು ನಡುವೆ ಸಣ್ಣ ತೂತು ಹೊಡೆದು, ಬಲಕ್ಕೆ ಬಳಸಿ ಕತ್ತರಿಸತೊಡಗಿದ. ಕತ್ತರಿ ಮೊಂಡು ಬಿದ್ದು ಎಡಕ್ಕೇ ಎಳೆಯಿತು. ಸಿಟ್ಟಿನಿಂದ ತಿರುಚಿದ. ತಗಡು ಜಾರಿ ಅಂಬಮ್ಮನ ಹೆಬ್ಬೆರಳ ಪಕ್ಕದಲ್ಲೇ ಹಾದುಹೋಯಿತು.

"ಖೋಟಾ ಮಾಲ್ ಕೊಟ್ಟಾನ! ತಗಡು ಕೊಯ್ಯೋ ಗ್ರೈಂಡರ್ ಮಷೀನ್ ತರ್ತೀನಿ ತಡಿ," ಎಂದು ಎದ್ದ.

ಅಷ್ಟರಲ್ಲಿ ಅಕ್ಬರಿ ಬೇಗಂ ಬಂದಳು. ಕಲಬುರಗಿ ಕೋಟೆಯ ಹತ್ತಿರ ತಗಡಿನ ಟ್ರಂಕು ಮಾಡುವವಳು. ಸಂತೆಗೆ ಬಂದಾಗಲೆಲ್ಲ ಅಂಬಮ್ಮನ ಮನೆಯಲ್ಲಿ ಚಹಾ ಕುಡಿಯದೆ ಹೋದವಳಲ್ಲ. ಎಡಗೈಯವರ ಕತ್ತರಿಯೆಂದು ನಂಬಿ ಮೋಸಹೋದೆನೆಂಬ ದೇವೀಂದ್ರಪ್ಪನ ದೂರು ಕೇಳಿ, ಕತ್ತರಿ ನೋಡಿ ನಕ್ಕಳು.

"ಎಡಾ ಕತ್ರಿ ಅಂದ್ರ ಎಡಗೈಯವ್ರದು ಅಲ್ಲಣ್ಣಾ. ಎಡಕ್ಕ ತಿರುಗೋದು. ಕೆಂಪು ಹಿಡಿ ಎಡಕ್ಕ, ಹಸರು ಬಲಕ್ಕ, ಹಳದಿ ನೆಟ್ಟಗ."

"ಹೌದೇನ್ ಆಪಾ? ಹಂಗಾದ್ರ ಹಸರು ತರಬೇಕಾ?"

"ಯಾಕ್ರೀ? ದುಂಡನ ತೂತು ಅದ, ಯಾವ ಕಡಿಂದ ಬಳಸಿದ್ರೂ ಅಷ್ಟ. ನೀವೇ ಎಡಕ್ಕ ತಿರುಗ್ರಿ! ಮೊದಲ ಒಂದು ಹಳೀ ತುಂಡಿನ ಮ್ಯಾಲ ನೋಡ್ರಿ."

ದೇವೀಂದ್ರಪ್ಪ ಹಾಗೇ ಎಡಕ್ಕೆ ಕತ್ತರಿಸಿ ನೋಡಿದ. ಕತ್ತರಿ ಜಗಳವಿಲ್ಲದೆ ಬಾಗಿತು. ಅವನಿಗೆ ಮೋಜೆನಿಸಿ ಮತ್ತೊಂದು ತುಂಡು ಕತ್ತರಿಸಿದ.

"ಆದ್ರೂ ಗ್ರೈಂಡರ್ ಜಲ್ದಿ ಅಲ್ಲೇನ್ರಿ?"

"ಇಂಥಾ ತೆಳು ತಗಡಿಗಾ? ಕಿಡಿ ಕಣ್ಣಿಗೆ ಹಾರ್ತಾವ. ಮ್ಯಾಲಿನ ಸತುವಿನ ಲೇಪ ಸುಟ್ಟು ಅಲ್ಲೇ ತುಕ್ಕು ಹಿಡೀತದ. ದಪ್ಪ ತಗಡಿದ್ರ ಬಲ್ಲವರ ಕಡೆ ಒಯ್ರಿ. ಅದಿರ್ಲಿ, ಅಂಬಮ್ಮ ಯಾಕ ತಗಡ ಹಿಡಿದಾಳ?"

"ನಾ ಹಿಡೀಲಿಲ್ಲಂದ್ರ ಮತ್ಯಾರು ಹಿಡೀಬೇಕು?" ಎಂದಳು ಅಂಬಮ್ಮ.

"ಹಲಗಿ ಹಿಡೀತದ ತಂಗಿ. ನಿನ್ನ ಕೈ ರೊಟ್ಟಿ ಬಡಿಯೋ ಕೈ. ಅದಕ್ಕ ಪೆಟ್ಟಾದ್ರ ಒಲಿ ಮುಂದ ಕೂಡವರು ಯಾರು?"

ದೇವೀಂದ್ರಪ್ಪನ ಮುಖ ಸಣ್ಣದಾಯಿತು. ಹೋಗಿ ಬಡಗಿಯ ಮನೆಯಿಂದ ಬಿಗಿಯುವ ಕ್ಲ್ಯಾಂಪು, ಅಂಚು ಉಜ್ಜುವ ಅರ, ಚರ್ಮದ ಗ್ಲೌಸು, ಕಣ್ಣಿಗೆ ಚಸ್ಮಾ ತಂದ. ತಗಡನ್ನು ಹಲಗೆಗೆ ಬಿಗಿದ.

"ಕತ್ರಿ ಬಾಯಿ ಪೂರಾ ಮುಚ್ಚಬ್ಯಾಡ್ರಿ," ಎಂದಳು ಅಕ್ಬರಿ. "ಸ್ವಲ್ಪ ಉಳಿಸಿ ಮುಂದ ಸರೀರಿ. ಮುಚ್ಚಿದಲ್ಲೆಲ್ಲ ಅಂಚಿಗೆ ಮುಳ್ಳು ಏಳ್ತದ."

ನಡುವಿನಿಂದ ಸುರುಳಿಯಾಗಿ ಹೊರಟು ಕತ್ತರಿ ಗೆರೆ ಮುಟ್ಟಿ, ಅದರಗುಂಟ ಎಡಕ್ಕೆ ಸುತ್ತಿ ಬಂತು. ದುಂಡನೆಯ ತೂತು ಮೂಡಿತು. ಎಷ್ಟು ನುಣುಪಾಗಿದೆ ನೋಡೋಣವೆಂದು ಅಂಬಮ್ಮ ಬೆರಳು ಚಾಚಿದಳು.

"ಏ, ಕೈ ತಗಿ!" ದೇವೀಂದ್ರಪ್ಪ ಕೂಗಿಯೇಬಿಟ್ಟ. ಹಳೆಯ ಅರಿವೆಯೊಂದನ್ನು ಮಡಚಿ, ಗ್ಲೌಸಿನ ಕೈಯಿಂದ ಅಂಚಿನ ಮೇಲೆ ಮೆಲ್ಲಗೆ ಎಳೆದ. ಅರಿವೆ ಒಂದು ಕಡೆ ಸಿಕ್ಕಿ ಪರ್ರನೆ ಹರಿಯಿತು.

ಮೂವರೂ ಆ ಹರಿದ ಅರಿವೆಯನ್ನೇ ನೋಡಿದರು.

"ಇಲ್ಲಿ ನಿನ್ನ ಬೆರಳಿದ್ದಿದ್ರ..." ಎಂದ ದೇವೀಂದ್ರಪ್ಪ. ಅರ ತೆಗೆದುಕೊಂಡು, ಅರಿವೆ ಎಲ್ಲೂ ಸಿಗದೆ ಜಾರುವವರೆಗೂ ಉಜ್ಜುತ್ತ ಕುಳಿತ.

ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ, ತಗಡಿಗೆ ಕತ್ತರಿ ಇಡುವ ಮುನ್ನ ಅದು ಎತ್ತ ತಿರುಗುವುದೆಂದು ಹಳೆಯ ತುಂಡಿನ ಮೇಲೆ ನೋಡಿಕೊಳ್ಳಿ. ತಗಡನ್ನು ಹಲಗೆಗೆ ಬಿಗಿಯಿರಿ, ಮನೆಯವರ ಕೈಗೆ ಕೊಡಬೇಡಿ. ಅಂಚಿಗೆ ಅರ ಹಾಕುವ ತನಕ ಕೆಲಸ ಮುಗಿಯಿತೆನ್ನಬೇಡಿ. ಹರಿದರೆ ಅರಿವೆ ಹರಿಯಲಿ, ನಿಮ್ಮವರ ಬೆರಳಲ್ಲ.