ಎತ್ತಿನ ನಡಿಗೆ

ಕಳೆನಾಶಕ ಹೊಡೆದ ಆರನೇ ದಿನಕ್ಕೆ ಕೊಂಡಿಬಾನ ಸೋಯಾ ಹೊಲ ಕಾಮಾಲೆ ಹಿಡಿದವರ ಹಾಗೆ ಹಳದಿಯಾಯಿತು. ಕಳೆ ಸತ್ತಿತ್ತು, ಸರಿ. ಬೆಳೆಯೂ ಅದರ ಬೆನ್ನು ಹತ್ತಿ ಹೊರಟಿತ್ತಲ್ಲ, ಅದಕ್ಕೇನು ಮಾಡುವುದು?

ಹೋದ ಚಳಿಗಾಲದಲ್ಲಿ ಜೋಡಿ ಎತ್ತುಗಳಲ್ಲಿ ಢವಳ್ಯಾ ಸತ್ತ. ಜೋಡಿ ಮುರಿದ ಮೋರ್ಯಾನನ್ನು ಸೋದರಳಿಯ ತನ್ನೂರು ಔಸಾಕ್ಕೆ ಹೊಡೆದುಕೊಂಡು ಹೋದ. ಅವತ್ತೇ ಹೆಂಡತಿ ಕೌಸಾಬಾಯಿ ಖಡಕ್ಕಾಗಿ ಹೇಳಿದ್ದಳು: ಎತ್ತಿಲ್ಲದೆ ಒಂದು ಬೆಳೆ ತೆಗೆದು ತೋರಿಸಬೇಕು, ಇಲ್ಲವಾದರೆ ಹೊಲ ಪಕ್ಕದವರಿಗೆ ಗುತ್ತಿಗೆಗೆ. ಅರವತ್ತೆಂಟರ ಕೊಂಡಿಬಾನಿಗೆ ಹೊಲ ಬಿಟ್ಟರೆ ಉಳಿಯುವುದು ಮಾರುತಿ ಗುಡಿಯ ಕಟ್ಟೆಯ ಮೇಲೆ ಕೂತು ಕೆಮ್ಮುವುದೊಂದೇ.

ಎತ್ತಿದ್ದಾಗ ಈ ಔಷಧಿಯ ಉಸಾಬರಿ ಎಲ್ಲಿತ್ತು? ಸಾಲಿನ ನಡುವಿನ ಕಳೆ ಕೀಳುವ ಎಡೆಕುಂಟೆ ಹೂಡಿದರೆ ಮುಗಿಯಿತು. ಸಾಲಿನ ತುದಿ ಬಂದೊಡನೆ ಢವಳ್ಯಾ ತಾನಾಗಿ ನಿಲ್ಲುತ್ತಿದ್ದ. ಕೊಂಡಿಬಾ ಕುಂಟೆಗೆ ಮೆತ್ತಿದ ಮಣ್ಣು ಕೆರೆದು, ಬೆನ್ನು ಚಪ್ಪರಿಸಬೇಕು. ಆಮೇಲೆಯೇ ಆ ಮಹಾರಾಯ ತಿರುಗುವುದು. ಮೂವತ್ತು ಮಳೆಗಾಲ ಒಂದಲ್ಲ ಒಂದು ಜೋಡಿಯ ಹಿಂದೆ ಹೀಗೇ ಕಳೆದಿದ್ದವು.

ಊರಿನ ಕೃಷಿ ಸಹಾಯಕಿ ಮೀನಲ್ ಬಂದು ಹೊಲವೆಲ್ಲ ತಿರುಗಿದಳು. ಸಾಲುಗಳ ತುದಿಯಲ್ಲಿ ಗಿಡ ಸುಟ್ಟೇ ಹೋಗಿದ್ದವು. ಅಳತೆ ಕೇಳಿದಳು, ಅದು ಸರಿಯಾಗಿಯೇ ಇತ್ತು. ಕೊನೆಗೆ ಔಷಧಿ ಹೊಡೆಯುವ ಬ್ಯಾಟರಿ ಪಂಪಿಗೆ ಬರೀ ನೀರು ತುಂಬಿಸಿ, ಬೆನ್ನಿಗೇರಿಸಿಕೊಂಡು ಒಂದು ಸಾಲು ನಡೆದು ತೋರಿಸಲು ಹೇಳಿದಳು.

ಕೊಂಡಿಬಾ ನಡೆದ. ಒಂದೊಂದೇ ಹೆಜ್ಜೆ, ನಿಧಾನ. ತುದಿಗೆ ಬಂದು ನಿಂತ. ನೀರು ಚಿಮ್ಮುತ್ತಲೇ ಇತ್ತು.

"ಅಜ್ಜಾ, ಯಾರನ್ನ ಕಾಯಾಕತ್ತೀರಿ?"

ಕೊಂಡಿಬಾ ತನ್ನ ಎಡಗೈ ನೋಡಿಕೊಂಡ. ಅದು ಗಾಳಿಯಲ್ಲಿ ಯಾರದೋ ಬೆನ್ನು ಚಪ್ಪರಿಸುತ್ತಿತ್ತು. ಎತ್ತಿನ ನಡಿಗೆಯಲ್ಲಿ ನಡೆದು ಗಿಡಕ್ಕೆ ಎರಡು ಪಟ್ಟು ಔಷಧಿ ಕುಡಿಸಿದ್ದ. ನಾಚಿಕೆಯೂ ದುಃಖವೂ ಒಟ್ಟಿಗೇ ಬಂದು, ಆ ಕೈಯಿಂದಲೇ ಪಂಪು ಬಂದ್ ಮಾಡಿದ.

ಮೀನಲ್ ಗಿಡ ಕಿತ್ತು ತೋರಿಸಿದಳು. ಬೇರು ಇನ್ನೂ ಬೆಳ್ಳಗಿತ್ತು, ಸುಳಿ ಜೀವ ಹಿಡಿದಿತ್ತು. ಸಮುದ್ರದ ಪಾಚಿಯಿಂದ ತೆಗೆದ ಸತ್ವ ಸಿಂಪಡಿಸಲು ಹೇಳಿದಳು. ಅದೇನು ಅಮೃತವಲ್ಲ, ಬಿದ್ದ ಗಿಡಕ್ಕೆ ಎದ್ದೇಳುವ ಕಸುವು ಕೊಡುತ್ತದೆ ಅಷ್ಟೇ. ಮೊದಲೇ ಕೊಟ್ಟಿದ್ದರೆ ಇನ್ನೂ ಚೆನ್ನಾಗಿತ್ತು ಎಂದಳು. ಪಂಪನ್ನು ಮೂರು ಸಲ ತೊಳೆಯಬೇಕು, ಮತ್ತೆ ಚುರುಕಾಗಿ ನಡೆಯಬೇಕು.

ಮರುದಿನ ಕೌಸಾಬಾಯಿ ಸೀರೆ ಎತ್ತಿಕಟ್ಟಿ ಪಕ್ಕದ ಸಾಲಿಗೆ ಇಳಿದಳು. "ನಿಮ್ಮ ಕಾಲಿನ ಮ್ಯಾಲೆ ನನಗ ಭರೋಸಾ ಇಲ್ಲ. ನನ್ನ ಜೋಡಿ ನಡೀರಿ," ಎಂದು ಬಿರಬಿರನೆ ಹೊರಟಳು. ಕೊಂಡಿಬಾ ಸತ್ವ ಸಿಂಪಡಿಸುತ್ತ, ಏದುಸಿರು ಬಿಡುತ್ತ ಹೆಜ್ಜೆ ಹಾಕಿದ. ಮೊದಲ ಸಾಲು ಮುಗಿಯಿತು. ಅಲ್ಲಿ ಕೌಸಾಬಾಯಿಯೇ ಗಕ್ಕನೆ ನಿಂತಳು, ನಾಲಿಗೆಯಿಂದ ಲೊಚ್ಚೆಂದು ಎತ್ತು ತಿರುಗಿಸುವ ಸದ್ದು ಮಾಡಿದಳು. ಮಾಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಇಬ್ಬರೂ ನಗಲಿಲ್ಲ.

ಹತ್ತು ದಿನಕ್ಕೆ ಗಿಡಗಳು ಹಸಿರು ಎಲೆ ಬಿಟ್ಟವು. ಎತ್ತುಗಳನ್ನು ಪೂಜಿಸುವ ಪೋಳಾ ಹಬ್ಬದ ಹೊತ್ತಿಗೆ ಹೊಲ ಹೂ ಬಿಟ್ಟಿತು. ಸಾಲಿನ ತುದಿಗಳು ಮಾತ್ರ ಬೋಳಾಗಿಯೇ ಉಳಿದವು.

ಪೋಳಾದ ದಿನ ಕೌಸಾಬಾಯಿ ಎರಡು ಮಣ್ಣಿನ ಎತ್ತುಗಳನ್ನು ಆ ಬೋಳು ನೆಲದಲ್ಲಿ ಇಟ್ಟು ಕುಂಕುಮ ಹಚ್ಚಿ, ಮುಂದೆ ಹೋಳಿಗೆ ಬಡಿಸಿದಳು.

"ಮುಂದಿನ ವರ್ಷ ಈ ತುದೀಗೆ ಬಿತ್ತಬ್ಯಾಡ್ರಿ," ಎಂದಳು, ತಲೆ ಎತ್ತದೆ. "ಅವಕ್ಕ ನಿಂದ್ರಾಕ ಜಾಗ ಬೇಕು."

ಕೊಂಡಿಬಾನ ಕಿವಿಗೆ ಬಿದ್ದದ್ದು 'ಮುಂದಿನ ವರ್ಷ' ಎಂಬುದಷ್ಟೇ. ಆತ ಹೂಂ ಎಂದು, ರುಮಾಲಿನ ತುದಿಯಿಂದ ಕಣ್ಣೊರೆಸಿಕೊಂಡ.