ಮೂರು ಪಾಳಿಯ ಪ್ಯಾಂಟು

"ಯಾವ ಗಲ್ಲಿಯ ಹೆಂಗಸು ಕೊಟ್ಟದ್ದು ಮಾರಾಯ ಇದು?" ಸೂಪರ್‌ವೈಸರ್ ಮುಂಡಪ್ಪ ಗೇಟಿನಲ್ಲೇ ಕೇಳಿದ. "ಆ ಜಾಗ ಸುಮ್ಮನೆ ಕೊಳೆಯುವುದುಂಟಾ? ಬಾಕಿಯವರಿಗೂ ಅಂಟುತ್ತದೆ ಅದು. ನಿನಗಿಲ್ಲಿ ಕೆಲಸ ಇಲ್ಲ. ಹೋಗಾ ಬೇವರ್ಸಿ!"

ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ವಸಾಹತಿನ ಬಣ್ಣದ ಕಾರ್ಖಾನೆಯಲ್ಲಿ ಪಾಳಿ ಬದಲಾಗುವ ಹೊತ್ತು. ನಿಂತವರೆಲ್ಲ ಕಿಸಕ್ಕನೆ ನಕ್ಕರು. ಶಿವಪುತ್ರಪ್ಪನ ಜಾಗಕ್ಕೆ ಹೊಸದಾಗಿ ಸೇರಿದ್ದ ಯತಿನ್ ಎಲ್ಲರಿಗಿಂತ ಜೋರಾಗಿ ನಕ್ಕ. ಕಾಯಿಲೆಯಿಂದ ಎದ್ದು ಮತ್ತೆ ಕೆಲಸ ಕೇಳಲು ಬಂದು ಕಾಲಗಲಿಸಿ ನಿಂತಿದ್ದ ಶಿವಪುತ್ರಪ್ಪನಿಗೆ ಮುಖ ಎತ್ತಲಾಗಲಿಲ್ಲ. ಪಕ್ಕದಲ್ಲಿ ಹೆಂಡತಿ ಮಹಾದೇವಕ್ಕ ಇದ್ದಳು. ಕೆಲಸ ಹಾಳಾಗಿ ಹೋಗಲಿ, ಅವಳೆದುರು ಇಂಥ ಹೆಸರು ಹೊತ್ತು ಬದುಕುವುದು ಹೇಗೆ?

ಹೆಂಗಸಂತೆ, ಗಲ್ಲಿಯಂತೆ! ಆಸಿಡ್ ಟ್ಯಾಂಕು ತೊಳೆಯುವವರಿಗೆ ಅಲ್ಲಿದ್ದದ್ದು ಒಂದೇ ರಬ್ಬರ್ ಪ್ಯಾಂಟು. ಮೂರು ಪಾಳಿಯ ಮೂವರೂ ಅದರಲ್ಲೇ ಕಾಲು ತೂರಿಸಬೇಕು. ಒಬ್ಬನ ಬೆವರು ಆರುವ ಮುಂಚೆ ಇನ್ನೊಬ್ಬನದು. ಹರಿದ ಕಡೆ ಆಸಿಡ್ ನೀರು ಜಿನುಗಿ ಶಿವಪುತ್ರಪ್ಪನ ತೊಡೆಸಂದಿ ಹುಣ್ಣಾಯಿತು. ನಾಚಿಕೆಗೆ ಬೆಂಕಿ ಬೀಳಲಿ, ಹೆಂಡತಿಗೂ ಹೇಳದೆ ಅರಿಶಿನ ಮೆತ್ತಿಕೊಂಡು ಮತ್ತೆ ಅದೇ ಪ್ಯಾಂಟು ಏರಿಸಿದ. ರಜೆ ಕೇಳಿದರೆ ಮುಂಡಪ್ಪ, "ಗಂಡಸಾ ನೀನು?" ಎಂದಿದ್ದ. ಮೈಯಲ್ಲಿ ಸಕ್ಕರೆ ಕಾಯಿಲೆ ಅಡಗಿ ಕೂತದ್ದು ಯಾರಿಗೂ ಗೊತ್ತಿರಲಿಲ್ಲ. ಜ್ವರ ಬಂದು ಬಿದ್ದಾಗ ಅಲ್ಲಿಯ ಚರ್ಮ ಕಪ್ಪಾಗಿ, ಸತ್ತ ಇಲಿಯ ನಾತ ಹೊಡೆಯುತ್ತಿತ್ತು.

ದವಾಖಾನೆಯಲ್ಲಿ ಕೊಳೆತದ್ದನ್ನೆಲ್ಲ ಕೊಯ್ದು ತೆಗೆದರು. ಬೀಜಗಳೆರಡೂ ತೊಗಲಿಲ್ಲದೆ ಬತ್ತಲಾದವು. ಗಾಯ ಕೆಂಪಗೆ ಹಸನಾದ ಮೇಲೆ ತೊಡೆಯ ತೆಳು ಚರ್ಮವನ್ನು ಹೆರೆದು ಅಲ್ಲಿ ಹೊದಿಸಿ ಹೊಲಿದರು. ಗಂಡಸಿನ ಮಾನಕ್ಕೆ ತೇಪೆ! ಮನೆಗೆ ಬಂದ ಮೇಲೆ ದಿನವೂ ಪಟ್ಟಿ ಬಿಚ್ಚಿ ತೊಳೆದವಳು ಮಹಾದೇವಕ್ಕ. ಅವಳು ಒಮ್ಮೆಯೂ ಮೂಗು ಮುಚ್ಚಲಿಲ್ಲ, ಒಂದು ಮಾತೂ ಕೇಳಲಿಲ್ಲ. ಆ ಮೌನವೇ ಅವನನ್ನು ಗಾಯಕ್ಕಿಂತ ಹೆಚ್ಚು ಸುಟ್ಟಿತ್ತು. ಇವಳೂ ಹಾಗೇ ಅಂದುಕೊಂಡಿದ್ದಾಳೋ ಏನೋ.

"ನಡಿ, ಹೋಗೂನು," ಎಂದ ಈಗ ಗೇಟಿನಲ್ಲಿ ಅವಳಿಗೆ, ಸಣ್ಣ ದನಿಯಲ್ಲಿ.

"ಯಾಕ್ ಹೋಗೂದ್ರಿ? ನೀವೇನ್ ಕಳುವು ಮಾಡೀರೇನು?" ಮಹಾದೇವಕ್ಕ ಮುಂಡಪ್ಪನ ಕಡೆ ತಿರುಗಿದಳು. "ಥೂ, ನಿನ್ನ ಬಾಯಾಗ ಮಣ್ಣ ಹಾಕ! ಹೆಣ್ಣಿನಿಂದ ಬಂದ ರೋಗ ಅಲ್ಲಂತ ಡಾಕ್ಟರ್ ನನ್ನ ಮುಂದ ಹೇಳ್ಯಾರ. ಅವರು ಹೇಳದಿದ್ರೂ ನನ್ನ ಗಂಡ ಎಂಥಾವ ಅಂತ ನನಗ ಗೊತ್ತಿಲ್ಲೇನು?"

ಅಬ್ಬಾ, ಅಷ್ಟು ಸಾಕಿತ್ತು ಶಿವಪುತ್ರಪ್ಪನಿಗೆ. ಕಾಲಗಲಿಸಿಕೊಂಡೇ ಗೇಟು ದಾಟಿದ. ವಾಚ್‌ಮನ್ ತಡೆಯಲು ಬಂದು ಅವನ ಕಣ್ಣು ನೋಡಿ ಹಿಂದೆ ಸರಿದ. ಗೋಡೆಯ ಮೊಳೆಗೆ ನೇತುಹಾಕಿದ್ದ ಪ್ಯಾಂಟು ಇನ್ನೂ ಹಸಿಯಾಗಿತ್ತು. ಅದನ್ನು ಎಳೆದು ತಂದು ಗೇಟಿನ ಬದಿಯ ಮುಂಡಪ್ಪನ ಮೇಜಿನ ಮೇಲೆ ಬಡಿದ. ಚಹಾದ ಲೋಟ ಉರುಳಿತು.

"ಗಲ್ಲಿ ಹೆಂಗಸು ಯಾವಾಕಿ ಅಂತ ಕೇಳಿದ್ಯಲ್ಲ, ಹಾಟ್ಯಾನ ಮಗನ? ಇಕಿನೇ ನೋಡು! ದಿನಾ ಮೂರು ಗಂಡಸರ ಸಂಗಾಟ ನೀನೇ ಮಲಗಸ್ತಿ ಇಕಿನ್ನ. ಒಂದು ಪಾಳಿ ನೀನೂ ಹಾಕ್ಕೋ!"

ಪಾಳಿಯ ಸೈರನ್ ಕೂಗಿತು.

"ಏ ಯತಿನ್, ಪೆಹನ್ ಲೇ!" ಹಾಕಿಕೋ ಎಂದು ಮುಂಡಪ್ಪ ಪ್ಯಾಂಟು ತೋರಿಸಿ ಅರಚಿದ.

ಯತಿನ್ ಪ್ಯಾಂಟನ್ನೇ ನೋಡುತ್ತ ನಿಂತ. ಅವನ ಕೈ ತಾನಾಗಿ ತೊಡೆಸಂದಿಗೆ ಹೋಗಿ ಮೆಲ್ಲಗೆ ಕೆರೆಯಿತು. ಮುಂಡಪ್ಪ ಮತ್ತೆ ಅರಚಿದ. ಯತಿನ್ ಕಾಲು ಎತ್ತಲಿಲ್ಲ.